ಬೇಲಿಯೊಳಗಿನ ಕಡಲು

ಜಮೈಕಾದ 1956ರ ಕಡಲತೀರ ನಿಯಂತ್ರಣ ಕಾಯಿದೆಯ ಪ್ರಕಾರ ತೀರದ ಒಡೆತನ ಸರ್ಕಾರದ್ದು. ಅಲ್ಲಿ ಓಡಾಡಲು, ಈಜಲು ಜನರಿಗೆ ಸಾಮಾನ್ಯ ಹಕ್ಕಿಲ್ಲ. ಪರವಾನಗಿ ಪಡೆದ ರೆಸಾರ್ಟು ಬೇಲಿ ಹಾಕಿಕೊಂಡರೆ ಅತಿಥಿ ಒಳಗೆ, ಊರಿನವರು ಹೊರಗೆ. ನಿಕೋಲ್ ಡೆನಿಸ್-ಬೆನ್ ಅವರ ಮೊದಲ ಕಾದಂಬರಿ ‘ಹಿಯರ್ ಕಮ್ಸ್ ದಿ ಸನ್’ (2016) ಓದುವಾಗ ಈ ಬೇಲಿ ನೆನಪಿರಬೇಕು.

ಮಾರ್ಗೊ ಮಾಂಟೆಗೊ ಬೇಯ ರೆಸಾರ್ಟೊಂದರ ಉದ್ಯೋಗಿ. ಹಗಲು ನಗುತ್ತಾ ಬರಮಾಡಿಕೊಂಡ ಅತಿಥಿಗಳ ಕೋಣೆಗೆ ರಾತ್ರಿ ಹೋಗುತ್ತಾಳೆ. ತಂಗಿ ಥ್ಯಾಂಡಿಯ ಓದಿಗೆ ಹಣ ಬೇಕು. ಆ ತಂಗಿಯೋ ಗುಟ್ಟಾಗಿ ಮೈಬಣ್ಣ ಬಿಳಿಚಿಸಿಕೊಳ್ಳುತ್ತಿದ್ದಾಳೆ.

ಮೊದಲ ಓದಿನಲ್ಲಿ ಮಾರ್ಗೊ ನನಗೆ ಬಲಿಪಶುವಾಗಿಯಷ್ಟೇ ಕಂಡಿದ್ದಳು. ಪಿಎಚ್‌ಡಿ ಕೆಲಸಕ್ಕೆಂದು ಮತ್ತೆ ಓದಿದಾಗ ಆ ಟಿಪ್ಪಣಿ ಹೊಡೆದುಹಾಕಬೇಕಾಯಿತು. ಬಡ್ತಿಯ ಆಸೆಗೆ ಅವಳೇ ಬೇರೆ ಹುಡುಗಿಯರನ್ನು ಅತಿಥಿಗಳ ಬಳಿಗೆ ಕಳಿಸುತ್ತಾಳೆ. ಬೇಲಿಯೊಳಗೆ ಮೇಲೇರಲು ಅವಳಿಗೆ ಕಂಡ ದಾರಿ ಅದೊಂದೇ. ಲೇಖಕಿ ಇದನ್ನು ಕ್ಷಮಿಸುವುದಿಲ್ಲ, ಖಂಡಿಸಿ ಕೈತೊಳೆದುಕೊಳ್ಳುವುದೂ ಇಲ್ಲ.

ನನ್ನದೊಂದು ತಕರಾರಿದೆ. ಹಣ ಕೊಡುವ ಗಂಡಸರು ಇಲ್ಲಿ ಬಹುತೇಕ ನೆರಳುಗಳು. ಹಾಗಾಗಿ ಓದುಗರ ಸಿಟ್ಟೆಲ್ಲ ಮಾರ್ಗೊ ಮೇಲೆ, ಪ್ರವಾಸಿಗರಿಗೆ ಸಾಮಾನು ಮಾರುವ ಅವಳ ತಾಯಿ ಡೆಲೊರೆಸ್ ಮೇಲೆ ಬೀಳುತ್ತದೆ. ರಜೆ ಮುಗಿಸಿ ವಿಮಾನ ಹತ್ತಿದವನನ್ನು ಕಾದಂಬರಿಯೂ ಲೆಕ್ಕ ಕೇಳುವುದಿಲ್ಲ.

ಆದರೆ ಹೊಸ ಹೋಟೆಲಿಗಾಗಿ ಅವರ ಹಳ್ಳಿ ರಿವರ್ ಬ್ಯಾಂಕ್‌ಗೇ ಕುತ್ತು ಬರುವ ಪುಟಗಳಲ್ಲಿ ಸಿಟ್ಟು ದಿಕ್ಕು ಬದಲಿಸುತ್ತದೆ. ಬೇಲಿ ಹಾಕಿದವರು ಯಾರೆಂಬ ಪ್ರಶ್ನೆಯನ್ನು ಕಾದಂಬರಿ ಅಲ್ಲಿ ನೇರವಾಗಿ ಎದುರಿಸುತ್ತದೆ. ಆ ಪುಟಗಳಿಗಾಗಿಯೇ ಇದನ್ನು ಓದಬೇಕು.