ಯಾವ ಖಾನೆಗೂ ಸಿಗದವಳು

ದಲಿತ ವಿಮರ್ಶೆಯ ಸಂಚಿಕೆಗೆ ಒಬ್ಬ ಬಿಳಿ ಹಾಡುಗಾರ್ತಿಯ ಬಗ್ಗೆ ಬರೀತೀನಿ ಅಂದಾಗ ಗೆಳೆಯನೊಬ್ಬ ಮುಖಕ್ಕೇ ಕೇಳಿದ: ‘ಅವಳನ್ನ ನೆನೆಯೋಕೆ ಅವಳ ಕಡೆಯವರು ಇಲ್ಲವೇನಪ್ಪ? ಅದಕ್ಕೆ ನಮ್ಮ ಪುಟಗಳೇ ಬೇಕಾ?’ ಪ್ರಶ್ನೆ ಸರಿಯಾಗೇ ಇದೆ. ಅಮೆರಿಕದ ಕಪ್ಪು ಜನರ ಸಂಗೀತದ ಚರಿತ್ರೆಯಲ್ಲಿ ಬಿಳಿಯರು ಬಂದು ಹೆಸರನ್ನೂ ಹಣವನ್ನೂ ಹೊತ್ತುಕೊಂಡು ಹೋದದ್ದೇ ಹೆಚ್ಚು. ಬಿಗ್ ಮಾಮಾ ಥಾರ್ನ್‌ಟನ್ 1952ರಲ್ಲಿ ಹಾಡಿದ ‘ಹೌಂಡ್ ಡಾಗ್’ 1956ರಲ್ಲಿ ಎಲ್ವಿಸ್ ಪ್ರೀಸ್ಲಿಯ ಹಾಡಾಗಿ ಲೋಕ ಸುತ್ತಿತು. ಇದು ಗೊತ್ತಿದ್ದೂ ನಾನು ರೂತ್ ಕೋಪ್‌ಲ್ಯಾಂಡ್ ಬಗ್ಗೆ ಬರೆಯಲು ಕೂತಿರೋದು ಆಕೆಯ ಮೇಲಿನ ಕನಿಕರದಿಂದ ಅಲ್ಲ. ಆಕೆಯನ್ನು ಮರೆಯಿಸಿದ ಗೋಡೆ ಯಾರು ಕಟ್ಟಿದ್ದು, ಅದು ಆಕೆಗೆಷ್ಟು ತಾಗಿತು, ಆಕೆಯ ಪಕ್ಕ ನಿಂತು ನುಡಿಸಿದವರಿಗೆಷ್ಟು ತಾಗಿತು, ಈ ಲೆಕ್ಕ ಮಾತ್ರ ನಮ್ಮದೇ ಲೆಕ್ಕ. 1972ರಲ್ಲಿ ಮುಂಬಯಿಯ ಹುಡುಗರು ತಮ್ಮನ್ನು ದಲಿತ್ ಪ್ಯಾಂಥರ್ಸ್ ಎಂದು ಕರೆದುಕೊಂಡ ಕಾಲದಿಂದಲೂ ನಾವು ಕಪ್ಪು ಅಮೆರಿಕದ ಕವಿತೆ, ಕತೆ, ಆತ್ಮಕತೆ ಓದುತ್ತ ಬಂದಿದ್ದೇವೆ. ಆದರೆ ಅವರ ಸಂಗೀತಕ್ಕೆ ಕಿವಿ ಕೊಟ್ಟದ್ದು ಕಡಿಮೆ.

ರೂತ್ ಹುಟ್ಟಿದ್ದು 1946ರಲ್ಲಿ, ಇಂಗ್ಲೆಂಡಿನ ಉತ್ತರಕ್ಕಿರುವ ಡರ್ಹಮ್ ಸೀಮೆಯ ಕಾನ್ಸೆಟ್‌ನಲ್ಲಿ. ಊರಿನ ಒಲೆಗಳೆಲ್ಲ ಉಕ್ಕಿನ ಕಾರ್ಖಾನೆಯ ಮೇಲೆ ಉರಿಯುತ್ತಿದ್ದ ಊರು ಅದು. (1980ರಲ್ಲಿ ಕಾರ್ಖಾನೆ ಮುಚ್ಚಿ ಸಾವಿರಾರು ಜನ ಕೆಲಸ ಕಳಕೊಂಡರು.) ಅರವತ್ತರ ದಶಕದಲ್ಲಿ ಆಕೆ ಡೆಟ್ರಾಯಿಟ್‌ಗೆ ಬಂದಳು. ಅದು ಕಾರಿನ ಕಾರ್ಖಾನೆಗಳ ಊರು. ಕಪ್ಪು ಮನುಷ್ಯ ಬೆರ್ರಿ ಗಾರ್ಡಿ 1959ರಲ್ಲಿ ಮೋಟೌನ್ ಎಂಬ ಧ್ವನಿಮುದ್ರಣ ಕಂಪನಿ ಕಟ್ಟಿದ ಊರು. 1967ರ ಜುಲೈನಲ್ಲಿ ಕಪ್ಪು ಕೇರಿಗಳು ಹೊತ್ತಿಕೊಂಡು 43 ಜನ ಸತ್ತ ಊರು. ಮೋಟೌನ್‌ಗೆ ಹಾಡಿನ ಮೇಲೆ ಹಾಡು ಕಟ್ಟಿಕೊಟ್ಟ ಬ್ರಯನ್ ಹಾಲಂಡ್, ಲಾಮೊಂಟ್ ಡೋಝಿಯರ್, ಎಡ್ಡೀ ಹಾಲಂಡ್ ಎಂಬ ಮೂವರು ಕಪ್ಪು ಗೆಳೆಯರು ದುಡ್ಡಿನ ವಿಷಯಕ್ಕೆ ಜಗಳವಾಡಿಕೊಂಡು ಹೊರಬಂದು ‘ಇನ್‌ವಿಕ್ಟಸ್’ ಎಂಬ ತಮ್ಮದೇ ಕಂಪನಿ ತೆರೆದರು. ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದರಿಂದ ತಾವೇ ಬರೆದ ಹಾಡಿಗೆ ತಮ್ಮ ಹೆಸರು ಹಾಕುವ ಹಾಗಿಲ್ಲ. ‘ಈಡಿತ್ ವೇಯ್ನ್’ ಅಂತ ಒಂದು ಹೆಣ್ಣಿನ ಹೆಸರು ಹಾಕಿದರು. ಫ್ರೀಡಾ ಪೇಯ್ನ್ ಹಾಡಿ 1970ರಲ್ಲಿ ದೊಡ್ಡ ಹೆಸರು ಮಾಡಿದ ‘ಬ್ಯಾಂಡ್ ಆಫ್ ಗೋಲ್ಡ್’ ಮೇಲೆ ಇರೋದು ಈ ಇಲ್ಲದ ಹೆಂಗಸಿನ ಹೆಸರೇ. ದುಡಿಮೆ ಒಬ್ಬರದು, ಹೆಸರು ಇನ್ನೊಬ್ಬರದು ಅನ್ನೋದು ಈ ಕಂಪನಿಯ ಹುಟ್ಟಿನಲ್ಲೇ ಇತ್ತು.

ಆ ಕಂಪನಿ ಸೇರಿದ ಮೊದಮೊದಲ ಕಲಾವಿದರಲ್ಲಿ ರೂತ್ ಒಬ್ಬಳು. ಕಪ್ಪು ಒಡೆಯರ ಸೋಲ್ ಕಂಪನಿಯಲ್ಲಿ ಬಿಳಿ ರಾಕ್ ಹಾಡುಗಾರ್ತಿ. ಇದರಲ್ಲಿ ವಿಚಿತ್ರ ಏನಿದೆ ಅಂತ ನಮಗೆ ಅನಿಸಬಹುದು. ವಿಚಿತ್ರವನ್ನು ಕಟ್ಟಿದ್ದು ಸಂಗೀತವಲ್ಲ, ಮಾರುಕಟ್ಟೆ. ಅಮೆರಿಕದಲ್ಲಿ 1920ರ ದಶಕದಿಂದ ಕಪ್ಪು ಜನರ ಗ್ರಾಮಫೋನ್ ತಟ್ಟೆಗಳನ್ನು ‘ರೇಸ್ ರೆಕಾರ್ಡ್ಸ್’ ಅಂತಲೇ ಬೇರೆ ಮಾಡಿ ಮಾರುತ್ತಿದ್ದರು. ನಮ್ಮ ಹೋಟೆಲುಗಳಲ್ಲಿ ಬೇರೆ ಲೋಟ ಇದ್ದ ಹಾಗೆ ಅಲ್ಲಿ ಬೇರೆ ತಟ್ಟೆ. ‘ಬಿಲ್‌ಬೋರ್ಡ್’ ಪತ್ರಿಕೆ 1949ರಲ್ಲಿ ಆ ಪಟ್ಟಿಗೆ ‘ರಿದಮ್ ಅಂಡ್ ಬ್ಲೂಸ್’ ಎಂದು ಹೆಸರಿಟ್ಟಿತು, 1969ರಲ್ಲಿ ‘ಸೋಲ್’ ಅಂದಿತು, 1982ರಲ್ಲಿ ಸಂಕೋಚವನ್ನೂ ಬಿಟ್ಟು ‘ಬ್ಲ್ಯಾಕ್’ ಅಂದಿತು. ಹೆಸರು ಬದಲಾಯಿತು, ಕೇರಿ ಬದಲಾಗಲಿಲ್ಲ. ರಿದಮ್ ಅಂಡ್ ಬ್ಲೂಸ್‌ನ ಹೊಟ್ಟೆಯಲ್ಲೇ ಹುಟ್ಟಿದ ರಾಕ್ ಮಾತ್ರ ಅರವತ್ತರ ಕೊನೆಗೆ ಬಿಳಿ ಹುಡುಗರ ಗಿಟಾರಿನ ಸಂಗೀತ ಅಂತಾಯಿತು. ರೂತ್‌ಳ ತಟ್ಟೆಯನ್ನು ಅಂಗಡಿಯವನು ಎಲ್ಲಿಡಬೇಕು? ಕಂಪನಿ ನೋಡಿದರೆ ಸೋಲ್, ಹೊದಿಕೆಯ ಮೇಲಿನ ಮುಖ ಬಿಳಿ, ಒಳಗಿನ ಸದ್ದು ರಾಕ್. ಆಕೆ ಇನ್‌ವಿಕ್ಟಸ್‌ಗೆ ಮಾಡಿದ ‘ಸೆಲ್ಫ್ ಪೋರ್ಟ್ರೇಟ್’ (1970), ‘ಐ ಆಮ್ ವಾಟ್ ಐ ಆಮ್’ (1971) ಎರಡೂ ಮಾರಾಟದಲ್ಲಿ ಮೇಲೇಳಲಿಲ್ಲ.

ಮೊದಲನೆಯದು ಪೂರ್ತಿ ಒಳ್ಳೆಯ ತಟ್ಟೆ ಅಂತ ನಾನು ಹೇಳಲಾರೆ. ಎಲ್ಲವನ್ನೂ ಒಂದೇ ಸಲ ತೋರಿಸಿಬಿಡಬೇಕೆಂಬ ಆತುರ ಅದರಲ್ಲಿದೆ. ಪುಚ್ಚೀನಿಯ ಅಪೆರಾದ ‘ಉನ್ ಬೆಲ್ ದಿ’ ಕೂಡ ಹಾಡಿಬಿಟ್ಟಿದ್ದಾಳೆ. ಅದು ನನಗೆ ಹಿಡಿಸಲಿಲ್ಲ. ಆದರೆ ಆ ತಟ್ಟೆ ಶುರುವಾಗೋದು ‘ಉತ್ತರದ ಕೂಸು’ ಅನ್ನುವ ಅರ್ಥದ ಮುನ್ನುಡಿಯಿಂದ, ಅಂದರೆ ಆಕೆಯ ಊರ ಕಡೆಯಿಂದ. ಇದು ಮುಖ್ಯ. ದಲಿತರಲ್ಲದವರು ದಲಿತ ಅನುಭವ ಬರೆಯಬಹುದೇ ಅಂತ ನಾವು ಎಷ್ಟು ವೇದಿಕೆಗಳಲ್ಲಿ ಜಗಳವಾಡಿಲ್ಲ! ಆ ಜಗಳದಲ್ಲಿ ಒಂದು ಪ್ರಶ್ನೆಯನ್ನು ನಾವು ಸಾಕಷ್ಟು ಕೇಳಿಕೊಳ್ಳಲಿಲ್ಲ: ಹೊರಗಿನವನು ಒಳಗೆ ಬಂದಾಗ ತನ್ನದನ್ನೇನು ತಂದ? ಬರಿಗೈಲಿ ಬಂದು ನಮ್ಮ ನೋವನ್ನು ಎರವಲು ತಗೊಂಡು ಹೋದವರು ಬಹಳ. ರೂತ್ ಕಪ್ಪು ಹೆಂಗಸಿನ ವೇಷ ಹಾಕಲಿಲ್ಲ. ತನ್ನ ಕಡೆಯ ಕಥನಗೀತೆ, ಚರ್ಚಿನ ಧಾಟಿ ಹೊತ್ತು ಬಂದಳು, ಕೊಟ್ಟಳು.

ಕೊಟ್ಟಿದ್ದು ಯಾರಿಗೆ? ಜಾರ್ಜ್ ಕ್ಲಿಂಟನ್‌ನ ಪಾರ್ಲಮೆಂಟ್ ತಂಡಕ್ಕೆ. 1970ರಲ್ಲಿ ಇನ್‌ವಿಕ್ಟಸ್‌ನಿಂದ ಬಂದ ಅವರ ಮೊದಲ ತಟ್ಟೆ ‘ಆಸ್ಮಿಯಮ್’ನ ನಿರ್ಮಾಣದಲ್ಲಿ ಆಕೆಯ ಕೈಯಿದೆ, ಅದರ ‘ಲಿಟ್ಲ್ ಓಲ್ಡ್ ಕಂಟ್ರಿ ಬಾಯ್’, ‘ದ ಸೈಲೆಂಟ್ ಬೋಟ್‌ಮನ್’ ಆಕೆ ಬರೆದವು. ಮೊದಲನೆಯದು ಬಿಳಿ ರೈತಾಪಿ ಜನರದು ಎಂದು ಗುತ್ತಿಗೆ ಹಿಡಿದಿದ್ದ ಕಂಟ್ರಿ ಧಾಟಿ. ಅದನ್ನು ಕಪ್ಪು ಗಾಯಕ ಫಝಿ ಹ್ಯಾಸ್ಕಿನ್ಸ್ ತುಂಟತನದಿಂದ ಹಾಡುತ್ತಾನೆ. ಎರಡನೆಯದು ಬೇರೆಯೇ. ಅಂಬಿಗ ಅಂದರೆ ನಮಗೆ ಚೌಡಯ್ಯ. ಒರಟಾಗಿ, ಮುಲಾಜಿಲ್ಲದೆ ಮಾತಾಡುವವನು. ಈ ಅಂಬಿಗ ಮೂಕ, ಆಚೆ ದಡಕ್ಕೆ ದಾಟಿಸುವವನು. ರೂತ್ ಇದನ್ನು ತನ್ನ ತಟ್ಟೆಯಲ್ಲೂ ಹಾಡಿದ್ದಾಳೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಆಕೆಯ ದನಿಯಲ್ಲಿ ಅದು ಒಬ್ಬಂಟಿ ಹೆಣ್ಣಿನ ಪ್ರಾರ್ಥನೆ. ಪಾರ್ಲಮೆಂಟ್‌ನವರ ಬಾಯಲ್ಲಿ, ಬ್ಯಾಗ್‌ಪೈಪಿನ ಸದ್ದಿನೊಂದಿಗೆ, ದೋಣಿ ತುಂಬ ಜನ ಹತ್ತಿದ ಹಾಗಾಗುತ್ತದೆ. ಗುಲಾಮರನ್ನು ತುಂಬಿಕೊಂಡು ಕಡಲು ದಾಟಿದ ಹಡಗುಗಳು ಕೇಳುವವನ ತಲೆಯಲ್ಲಿ ತಾವಾಗೇ ಬರುತ್ತವೆ. ಬರೆದವಳು ಅದನ್ನು ಎಣಿಸಿದ್ದಳೋ ಇಲ್ಲವೋ, ಹಾಡಿದವರ ಚರಿತ್ರೆ ಹಾಡಿನ ಒಳಕ್ಕೆ ಬಂದು ಕೂತಿತು. ‘ಅನುಭವದ ಪ್ರಾಮಾಣಿಕತೆ’ಯನ್ನು ಬರೆದವರ ಜಾತಿಯಲ್ಲಷ್ಟೇ ಹುಡುಕುವ ನಮ್ಮ ವಿಮರ್ಶೆಗೆ ಇಂಥ ಹಾಡು ಸಿಕ್ಕುವುದಿಲ್ಲ. ಹಾಗಂತ ಜಾತಿಯನ್ನೇ ಮರೆತು ಕೇಳುವವನಿಗೂ ಸಿಕ್ಕುವುದಿಲ್ಲ.

‘ಐ ಆಮ್ ವಾಟ್ ಐ ಆಮ್’ ಆಕೆಯ ನಿಜವಾದ ಸಾಧನೆ. ಗಿಟಾರ್ ಎಡ್ಡೀ ಹೇಝಲ್, ಕೀಬೋರ್ಡು ಬರ್ನೀ ವೊರೆಲ್, ಬೇಸ್ ಬಿಲ್ಲಿ ನೆಲ್ಸನ್, ಡ್ರಮ್ಮು ಟಿಕಿ ಫುಲ್‌ವುಡ್. ಇವರೇ ಫಂಕಡೆಲಿಕ್ ಎಂಬ ಹೆಸರಲ್ಲಿ ಅದೇ 1971ರಲ್ಲಿ ‘ಮ್ಯಾಗಟ್ ಬ್ರೇನ್’ ಮಾಡಿದವರು. ರೂತ್ ಇಲ್ಲಿ ಗಂಟಲು ಹರಿಯುವವರೆಗೂ ಹಾಡುತ್ತಾಳೆ, ಹೇಝಲ್ ಅವಳನ್ನು ಬೆನ್ನಟ್ಟುತ್ತಾನೆ, ಒಮ್ಮೊಮ್ಮೆ ದಾಟಿ ಮುಂದೆ ಹೋಗುತ್ತಾನೆ. ರೋಲಿಂಗ್ ಸ್ಟೋನ್ಸ್ ತಂಡದ ‘ಗಿಮ್ಮಿ ಶೆಲ್ಟರ್’ ಅನ್ನು ಮೂಲಕ್ಕಿಂತ ಉದ್ದಕ್ಕೆ ಎಳೆದು ಹಾಡಿದ್ದಾಳೆ. ಬಿಳಿಯರು ಕಪ್ಪು ಜನರಿಂದ ಕಲಿತದ್ದನ್ನು ಕಪ್ಪು ವಾದ್ಯಗಾರರು ಮತ್ತೆ ಕೈಗೆ ತಗೊಂಡ ಹಾಗಿದೆ ಅದು.

ಆದರೆ ‘ಗಿಮ್ಮಿ ಶೆಲ್ಟರ್’ ಅಂದಮೇಲೆ ಇನ್ನೊಬ್ಬಳ ಹೆಸರು ಹೇಳದೆ ಮುಂದೆ ಹೋಗೋದು ಅನ್ಯಾಯ. 1969ರ ಮೂಲದಲ್ಲಿ ಮೈನಡುಗಿಸುವ ಆ ಹೆಣ್ಣುದನಿ ಮೆರ್ರಿ ಕ್ಲೇಟನ್ ಎಂಬ ಕಪ್ಪು ಹಾಡುಗಾರ್ತಿಯದು. ತುಂಬು ಬಸುರಿಯನ್ನು ರಾತ್ರಿ ಹೊತ್ತಲ್ಲಿ ಕರೆಸಿ ಹಾಡಿಸಿದರು. ಆಮೇಲೆ ಆಕೆಗೆ ಗರ್ಭ ನಿಲ್ಲಲಿಲ್ಲ. ತಟ್ಟೆಯ ಹೊದಿಕೆಯ ಮೇಲೆ ಹೆಸರನ್ನು ‘ಮೇರಿ’ ಅಂತ ತಪ್ಪಾಗಿ ಅಚ್ಚು ಹಾಕಿದರು! 1970ರಲ್ಲಿ ಆಕೆ ತಾನೇ ಮುಂದೆ ನಿಂತು ಅದೇ ಹಾಡನ್ನು ಹಾಡಿದಳು. ಅದೂ ದೂರ ಹೋಗಲಿಲ್ಲ. ಹಿನ್ನೆಲೆ ಹಾಡುಗಾರರ ಬಗ್ಗೆ ‘ಟ್ವೆಂಟಿ ಫೀಟ್ ಫ್ರಮ್ ಸ್ಟಾರ್‌ಡಮ್’ ಅನ್ನೋ ಸಾಕ್ಷ್ಯಚಿತ್ರ 2013ರಲ್ಲಿ ಬಂದಮೇಲೆ ಜನ ಆಕೆಯ ಮುಖ ನೋಡಿದರು.

ಗೆಳೆಯನ ಪ್ರಶ್ನೆ ನಿಜವಾಗಿ ಕಚ್ಚೋದು ಇಲ್ಲಿ. ರೂತ್ ಕಡೆಗಣಿಸಲ್ಪಟ್ಟವಳು, ಮೆರ್ರಿ ಕಡೆಗಣಿಸಲ್ಪಟ್ಟವಳು ಅಂತ ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಬಾರದು. ರೂತ್‌ಗೆ ಎರಡು ಖಾನೆಗಳ ನಡುವೆ ಜಾಗ ಸಿಗಲಿಲ್ಲ. ಆದರೂ ಆಕೆಯ ಮುಖ ಹೊದಿಕೆಯ ಮೇಲಿತ್ತು, ಹೆಸರು ಸರಿಯಾಗಿ ಅಚ್ಚಾಗಿತ್ತು. ಇನ್‌ವಿಕ್ಟಸ್ ಬಿಟ್ಟ ಮೇಲೂ, ತಡವಾಗಿಯಾದರೂ, 1976ರಲ್ಲಿ ಆರ್‌ಸಿಎ ಎಂಬ ದೊಡ್ಡ ಕಂಪನಿ ‘ಟೇಕ್ ಮೀ ಟು ಬಾಲ್ಟಿಮೋರ್’ ತಂದಿತು. ಮೆರ್ರಿ ರಾಕ್‌ನ ಖಾನೆಯ ಒಳಗೇ ಇದ್ದಳು, ಅದರ ಗೋಡೆ ಹೊತ್ತು ನಿಂತಿದ್ದಳು. ಅವಳನ್ನು ಯಾರೂ ನೋಡಲಿಲ್ಲ, ಅಷ್ಟೆ.

ಇನ್ನು ರೂತ್‌ಳ ಮರೆವಿಗೆ ಬಿಳಿ ಮಾರುಕಟ್ಟೆಯೊಂದೇ ಕಾರಣ ಅಂತ ಕೈತೊಳೆದುಕೊಳ್ಳುವ ಹಾಗೂ ಇಲ್ಲ. 1997ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಪಾರ್ಲಮೆಂಟ್-ಫಂಕಡೆಲಿಕ್‌ನವರನ್ನು ಒಳಗೆ ಕರಕೊಂಡಿತು. ಆ ಪಟ್ಟಿಯಲ್ಲಿ ರೂತ್ ಇಲ್ಲ. ಕಪ್ಪು ಗಂಡಸರು ಕಟ್ಟಿದ ಚರಿತ್ರೆಯಲ್ಲಿ ಆಕೆ ಒಂದು ಅಡಿಟಿಪ್ಪಣಿ. ಹೆಣ್ಣು ಅನ್ನೋ ಕಾರಣಕ್ಕೆ ಎಷ್ಟು, ಬಿಳಿಯಳು ಅನ್ನೋ ಕಾರಣಕ್ಕೆ ಎಷ್ಟು, ಬಿಡಿಸಿ ಹೇಳೋದು ಕಷ್ಟ. ನಮ್ಮ ಚಳವಳಿಯ ನೆನಪುಗಳಲ್ಲಿ ಎಷ್ಟು ಹೆಣ್ಣುಮಕ್ಕಳ ಹೆಸರಿದೆ ಅಂತ ಎಣಿಸಿಕೊಂಡು ಆಮೇಲೆ ಇದರ ಬಗ್ಗೆ ಮಾತಾಡೋಣ.

‘ಲಿಟ್ಲ್ ಓಲ್ಡ್ ಕಂಟ್ರಿ ಬಾಯ್’ನ ಒಂದು ತುಣುಕನ್ನು ಡಿ ಲಾ ಸೋಲ್ ಎಂಬ ನ್ಯೂಯಾರ್ಕ್ ಸೀಮೆಯ ಕಪ್ಪು ಹುಡುಗರು ‘ಪಾಟ್‌ಹೋಲ್ಸ್ ಇನ್ ಮೈ ಲಾನ್’ ಹಾಡಿಗೆ ಎತ್ತಿಕೊಂಡರು. 1989ರ ಅವರ ಮೊದಲ ಆಲ್ಬಮ್ಮಿನಲ್ಲಿ ಅದಿದೆ. ಬರೆದವಳ ಹೆಸರು ಗೊತ್ತಿಲ್ಲದ ಲಕ್ಷಾಂತರ ಜನ ಅದನ್ನು ಕೇಳಿದ್ದಾರೆ.

ಗೆಳೆಯನನ್ನು ಕೂರಿಸಿ ‘ಗಿಮ್ಮಿ ಶೆಲ್ಟರ್’ ಮೂರನ್ನೂ ಕೇಳಿಸಿದೆ: ಮೊದಲು ಮೂಲ, ಆಮೇಲೆ ಮೆರ್ರಿಯದು, ಕೊನೆಗೆ ರೂತ್‌ಳದು. ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ ಅವನು ಹಾಡಿದವಳ ಬಗ್ಗೆ ಏನೂ ಹೇಳಲಿಲ್ಲ, ‘ಆ ಗಿಟಾರಿನವನು ಯಾರು?’ ಅಂದ. ಎಡ್ಡೀ ಹೇಝಲ್, 1992ರಲ್ಲಿ ತೀರಿಕೊಂಡ, ಅಂದೆ. ‘ಇನ್ನೊಂದ್ಸಲ ಹಾಕು’ ಅಂದ.