ಯುದ್ಧಭೂಮಿಯ ಗುಂಡು ಮತ್ತು ಅದರ ಸಾಕ್ಷ್ಯ: ಒಂದು ವಿಮರ್ಶೆ

ಹಳೆಯ ಯುದ್ಧಭೂಮಿಯಲ್ಲಿ ಲೋಹಶೋಧಕ ಯಂತ್ರದ ನೆರವಿನಿಂದ ದೊರೆತ ಗುಂಡನ್ನು ಗುರುತಿಸುವುದೆಂದರೆ ಅದರ ವ್ಯಾಸವನ್ನಳೆದು, ತೂಕ ನೋಡಿ, ಬಂದೂಕುಗಳ ಪಟ್ಟಿಯೊಡನೆ ಹೋಲಿಸುವುದಷ್ಟೇ ಎಂಬ ಭಾವನೆ ಬಹುವಾಗಿ ಹರಡಿದೆ. ಈ ಭಾವನೆಯು ಎಷ್ಟು ಅಪೂರ್ಣವಾದುದೆಂಬುದನ್ನು ಸ್ಕಾಟ್, ಫಾಕ್ಸ್, ಕಾನರ್ ಮತ್ತು ಹಾರ್ಮನ್ ಎಂಬ ನಾಲ್ವರು ಸೇರಿ 1989ರಲ್ಲಿ ಪ್ರಕಟಿಸಿದ ಲಿಟಲ್ ಬಿಗ್‌ಹಾರ್ನ್ ಕದನದ ಪುರಾತತ್ತ್ವ ಗ್ರಂಥವು ತೋರಿಸಿಕೊಟ್ಟಿದೆ. ಗ್ರಂಥವು ಹೊಸದಲ್ಲ. ಅದನ್ನು ಈಗ ವಿಮರ್ಶೆಗೆ ಎತ್ತಿಕೊಳ್ಳಲು ನಮಗೊಂದು ಕಾರಣವುಂಟು. ಅದನ್ನು ಕೊನೆಯಲ್ಲಿ ಅರಿಕೆ ಮಾಡುತ್ತೇವೆ.

1876ನೆಯ ಜೂನ್ 25ರಂದು ಅಮೆರಿಕದ ಮೊಂಟಾನಾ ಪ್ರಾಂತದಲ್ಲಿ ಲಕೋಟ ಮತ್ತು ಶೈಯೆನ್ ಜನರೊಡನೆ ನಡೆದ ಕದನದಲ್ಲಿ ಕಸ್ಟರನೂ ಅವನೊಡನಿದ್ದ ಸುಮಾರು 210 ಮಂದಿ ಸೈನಿಕರೂ ಮಡಿದರು. ಆ ಪಡೆಯಲ್ಲಿ ಬದುಕಿ ಬಂದು ಕಥೆ ಹೇಳಿದವರಿಲ್ಲ. ಹೇಳಬಲ್ಲವರಾಗಿದ್ದ ಆದಿವಾಸಿ ಯೋಧರ ಮಾತನ್ನು ಗೊಂದಲಮಯವೆಂದು ಅನೇಕ ಚರಿತ್ರಕಾರರು ಬದಿಗೊತ್ತಿದರು. ಹೀಗಾಗಿ ಒಂದು ಶತಮಾನ ಕಾಲ ಊಹೆಯೇ ಚರಿತ್ರೆಯ ಸ್ಥಾನದಲ್ಲಿ ಕುಳಿತಿತ್ತು. 1983ರ ಆಗಸ್ಟ್‌ನಲ್ಲಿ ಕಾಳ್ಗಿಚ್ಚು ಎದ್ದು ರಣರಂಗದ ಹುಲ್ಲನ್ನೆಲ್ಲ ಸುಟ್ಟು ನೆಲವನ್ನು ಬರಿದುಮಾಡಿತು. 1984 ಮತ್ತು 1985ರಲ್ಲಿ ಕ್ರಮಬದ್ಧವಾದ ಶೋಧನೆ ನಡೆಯಿತು.

ಗ್ರಂಥದ ನಿಜವಾದ ಹಿರಿಮೆ ಈ ಶೋಧನೆಯ ವಿಧಾನದಲ್ಲಿದೆ. ಲೋಹಶೋಧಕ ಹಿಡಿದವರು ಸಾಲಾಗಿ ನಡೆದರು. ಯಂತ್ರವು ದನಿಗೈದೆಡೆ ಬಾವುಟ ನೆಟ್ಟು ಮುಂದೆ ಸಾಗಿದರು. ಹಿಂದಿನಿಂದ ಬಂದ ತಂಡವು ಮಣ್ಣು ಸರಿಸಿ, ವಸ್ತುವನ್ನು ಕದಲಿಸದೆ ಬಿಟ್ಟಿತು. ಅದರ ಸ್ಥಾನ, ಆಳ, ಅದು ಯಾವ ದಿಕ್ಕಿಗೆ ವಾಲಿದೆಯೆಂಬುದು ಇವೆಲ್ಲ ದಾಖಲಾದ ಬಳಿಕವೇ ಅದನ್ನು ಮೇಲೆತ್ತಿದರು. ಅನಂತರ ಬಂದೂಕಿನ ಗುರುತು. ಸೈನ್ಯದ 1873ರ ಮಾದರಿಯ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನಿನ ನಳಿಕೆಯೊಳಗೆ ಮೂರು ಸುರುಳಿ ತೋಡುಗಳಿದ್ದುದರಿಂದ ಅದರ 0.45 ಅಂಗುಲದ ಗುಂಡಿನ ಮೈಮೇಲೆ ಅವುಗಳ ಅಚ್ಚು ಬೀಳುತ್ತದೆ. ಖಾಲಿ ತೋಟಾಗಳು ಇನ್ನೂ ಹೆಚ್ಚು ಮಾತನಾಡುತ್ತವೆ. ತೋಟಾದ ತಳಕ್ಕೆ ಬಡಿಯುವ ಮೊಳೆಯ ಗುರುತು ಬಂದೂಕಿನಿಂದ ಬಂದೂಕಿಗೆ ಭಿನ್ನ; ಹೆನ್ರಿ ರೈಫಲಿನಲ್ಲಂತೂ ಅದು ತಳದ ಅಂಚಿನ ಎರಡು ಕಡೆಗಳಲ್ಲಿ ಬೀಳುತ್ತದೆ. ಪೋಲೀಸರು ಕೊಲೆಯ ತನಿಖೆಯಲ್ಲಿ ಬಳಸುವ ಈ ಪರೀಕ್ಷೆಯಿಂದ ಒಂದೇ ಬಂದೂಕು ಗುಡ್ಡದ ಯಾವ ಯಾವ ಎಡೆಗಳಲ್ಲಿ ಸಿಡಿಯಿತೆಂಬುದನ್ನು, ಅಂದರೆ ಅದನ್ನು ಹಿಡಿದವನ ಹೆಜ್ಜೆಯ ಜಾಡನ್ನೇ, ನಕ್ಷೆಯ ಮೇಲೆ ಎಳೆಯಲು ಸಾಧ್ಯವಾಯಿತು.

ಫಲಿತಾಂಶಗಳು ಹಳೆಯ ಕಥೆಗಳನ್ನು ಅಲುಗಿಸಿದವು. ಸಿಡಿದ ತೋಟಾ ಕಾರ್ಬೈನಿನಲ್ಲಿ ಸಿಕ್ಕಿಕೊಂಡದ್ದೇ ಸೋಲಿಗೆ ಕಾರಣವೆಂಬ ವಾದವೊಂದಿತ್ತು. ಆದರೆ ಮೀಟಿ ತೆಗೆದ ಗೀರುಗಳುಳ್ಳ ತೋಟಾಗಳು ಅತ್ಯಲ್ಪ. ಆದಿವಾಸಿಗಳ ಕಡೆ ಒಂದಾದ ಮೇಲೊಂದು ಗುಂಡು ಹಾರಿಸಬಲ್ಲ ಹೆನ್ರಿ, ವಿಂಚೆಸ್ಟರ್ ರೈಫಲುಗಳು ಗಣನೀಯ ಸಂಖ್ಯೆಯಲ್ಲಿದ್ದುವು. ಸೈನಿಕನ ಕಾರ್ಬೈನಾದರೋ ಒಂದು ಸಲಕ್ಕೆ ಒಂದೇ ತೋಟಾ ನುಂಗುವಂಥದು. ಫಾಕ್ಸ್ ಅವರು 1993ರ ತಮ್ಮ ಗ್ರಂಥದಲ್ಲಿ ಇನ್ನೂ ಮುಂದೆ ಹೋಗಿ, ಚಿತ್ರಪಟಗಳಲ್ಲಿ ಕಾಣುವ ವೀರೋಚಿತ ಕೊನೆಯ ಕಾಳಗಕ್ಕೆ ನೆಲದಲ್ಲಿ ಆಧಾರವಿಲ್ಲ, ಪಡೆಯ ಶಿಸ್ತು ಮುರಿದು ಅದು ಚದುರಿತು ಎಂದು ವಾದಿಸಿದರು. ಬದಿಗೊತ್ತಲಾಗಿದ್ದ ಆದಿವಾಸಿ ಯೋಧರ ಹೇಳಿಕೆಗಳೊಡನೆ ಈ ಚಿತ್ರವು ಬಹುಮಟ್ಟಿಗೆ ಹೊಂದುತ್ತದೆ.

ನಮ್ಮ ಆಕ್ಷೇಪಣೆಗಳು ಎರಡು. ಲೋಹಶೋಧಕವು ಲೋಹವನ್ನಷ್ಟೇ ಕಾಣುತ್ತದೆ. ಬಿಲ್ಲೂ ಬಾಣದ ಕೋಲೂ ಮಣ್ಣಾಗಿ ಹೋಗಿವೆ; ಕಬ್ಬಿಣದ ಅಂಬಿನ ಮೊನೆಗಳು ಉಳಿದದ್ದೂ ಕಡಿಮೆ. ಅಂದಮೇಲೆ ಬಾಣಗಳ ಪಾತ್ರವನ್ನು ಗುಂಡುಗಳ ಸಂಖ್ಯೆಯ ಪಕ್ಕದಲ್ಲಿಟ್ಟು ತೂಗುವುದು ಸಲ್ಲದು. ನೂರು ವರ್ಷಗಳಿಂದ ನೆನಪಿನ ಕಾಣಿಕೆಯೆಂದು ಗುಂಡು ಹೆಕ್ಕಿಕೊಂಡು ಹೋದವರ ಕೈವಾಡವೂ ಇಲ್ಲಿ ಸೇರಿದೆ. ಎರಡನೆಯದು ಇದಕ್ಕಿಂತ ಗಹನವಾದುದು. ಗುಂಡು ಬಂದೂಕನ್ನು ಹೇಳುತ್ತದೆಯೇ ಹೊರತು ಅದನ್ನು ಹಿಡಿದ ಕೈಯನ್ನು ಹೇಳುವುದಿಲ್ಲ. ಮಡಿದ ಸೈನಿಕರ ಕಾರ್ಬೈನುಗಳನ್ನು ಎದುರಾಳಿಗಳು ಅದೇ ದಿನ ಎತ್ತಿಕೊಂಡು ಹಾರಿಸಿದರು. ಗ್ರಂಥಕರ್ತರು ಇದನ್ನು ಬಲ್ಲರು. ಗುಂಡು ಬಿದ್ದ ದಿಕ್ಕಿನಿಂದ ಈ ತೊಡಕನ್ನು ಬಿಡಿಸಲು ಶ್ರಮಿಸಿದ್ದಾರೆ. ಆದರೂ ಕೆಲವೆಡೆ ಅವರ ನಿಶ್ಚಯವು ಸಾಕ್ಷ್ಯಕ್ಕಿಂತ ಒಂದು ಹೆಜ್ಜೆ ಮುಂದಿದೆಯೆಂದೇ ನಮಗೆ ತೋರುತ್ತದೆ.

ಇನ್ನು, ಮೇಲೆ ಹೇಳಿದ ಕಾರಣ. ಕಳೆದ ವರ್ಷ ನಮ್ಮ ವಿದ್ಯಾರ್ಥಿಯೊಬ್ಬನು ಶ್ರೀರಂಗಪಟ್ಟಣದ ಸಮೀಪ ತನ್ನ ಮನೆಯವರ ಕಬ್ಬಿನ ಗದ್ದೆಗಳಲ್ಲಿ ಲೋಹಶೋಧಕದಿಂದ ಹುಡುಕಿ ಒಂದು ಸೀಸದ ಗುಂಡನ್ನು ತಂದನು. ಅದರ ಒಂದು ಪಕ್ಕ ಚಪ್ಪಟೆಯಾಗಿತ್ತು. ಎಂದರೆ ಅದು ಜೇಬಿನಿಂದ ಬಿದ್ದುದಲ್ಲ, ಹಾರಿ ಬಡಿದುದು. ಚಪ್ಪಟೆಯಾದ ಗುಂಡಿನ ವ್ಯಾಸವನ್ನು ಅಳೆಯಲಾಗದು. ಆದರೆ ಅಮೆರಿಕದ ಮನ್ಮತ್ ರಣರಂಗದ ಗುಂಡುಗಳನ್ನು ಅಭ್ಯಸಿಸಿದ ಸಿವಿಲಿಚ್ ಅವರ ಸೂತ್ರವೊಂದಿದೆ: ಗ್ರಾಂ ಲೆಕ್ಕದ ತೂಕದ ಘನಮೂಲವನ್ನು 0.223204ರಿಂದ ಗುಣಿಸಿದರೆ ಮೂಲ ವ್ಯಾಸವು ಅಂಗುಲಗಳಲ್ಲಿ ಬರುತ್ತದೆ. ನಮ್ಮ ಗುಂಡು 29.5 ಗ್ರಾಂ ತೂಗಿತು, ವ್ಯಾಸ 0.69 ಅಂಗುಲ. ಸುಮಾರು 0.75 ಅಂಗುಲದ ನಳಿಕೆಯ ಬ್ರೌನ್ ಬೆಸ್ ಬಂದೂಕಿಗೆ ಒಪ್ಪುವ ಅಳತೆ. ಕಂಪನಿಯವರ ಗುಂಡೆಂದು ವಿದ್ಯಾರ್ಥಿಯು ಹಿಗ್ಗಿದನು. ನಾವೂ ಕ್ಷಣಕಾಲ ಹಿಗ್ಗಿದೆವೆಂದು ಒಪ್ಪಿಕೊಳ್ಳುತ್ತೇವೆ. ಆದರೆ 1780ರಲ್ಲಿ ಪೊಳ್ಳಿಲೂರಿನಲ್ಲಿ ಬೇಯ್ಲಿಯ ಪಡೆ ಸೋತಾಗ ಅದರ ಬಂದೂಕುಗಳು ಮೈಸೂರಿನವರ ಕೈಸೇರಿದುವು. ಹಾಗಿರಲು ಇದು ಕೋಟೆಯೊಳಗಿಂದ ಹಾರಿದುದೋ ಹೊರಗಿನಿಂದಲೋ? 1792ರ ಮುತ್ತಿಗೆಯದೋ 1799ರದೋ? ಗದ್ದೆಯ ಯಾವ ಮೂಲೆಯಲ್ಲಿ, ಎಷ್ಟು ಆಳದಲ್ಲಿ, ಜೊತೆಯಲ್ಲಿ ಬೇರೆ ಯಾವ ಗುಂಡುಗಳಿದ್ದುವು ಎಂದು ಕೇಳಿದೆವು. ಅವನಿಗೆ ನೆನಪಿರಲಿಲ್ಲ, ಮೂರು ಗದ್ದೆಗಳಲ್ಲಿ ಯಾವುದೆಂಬುದೂ ಸಂಶಯ. ತಪ್ಪು ಅವನದಷ್ಟೇ ಅಲ್ಲ. ತರಗತಿಯಲ್ಲಿ ಮುತ್ತಿಗೆಯ ತೇದಿಗಳನ್ನು ಬಾಯಿಪಾಠ ಮಾಡಿಸಿದ ನಾವು ಬಾವುಟ ನೆಡುವುದನ್ನು ಕಲಿಸಿರಲಿಲ್ಲ.

ಗುಂಡು ಈಗ ನಮ್ಮ ವಿಭಾಗದ ಕಪಾಟಿನಲ್ಲಿದೆ. ಚೀಟಿಯಲ್ಲಿ ತೂಕವನ್ನೂ ವ್ಯಾಸವನ್ನೂ ಬರೆದು, ದೊರೆತ ಸ್ಥಳದ ಮುಂದೆ ಶ್ರೀರಂಗಪಟ್ಟಣದ ಸಮೀಪ ಎಂದಷ್ಟೇ ನಮೂದಿಸಿದ್ದೇವೆ.