ಪಂಕ್ತಿ ಮತ್ತು ಪಾಪ

'ಜಾತ್ರೆ ಊಟದಲ್ಲಿ ನಮಗೆ ಕಡೇಲಿ ಬಡಿಸ್ತಾರೆ ಸಾರ್. ಉಣ್ಣಬೇಕಾ, ಎದ್ದು ಬರಬೇಕಾ?' ದಕ್ಷಿಣ ಆಫ್ರಿಕಾದ ವರ್ಣಭೇದದ ಬಗ್ಗೆ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಕೇಳಿದ. ಇದು ಪಾಠದ ಹೊರಗಿನ ಪ್ರಶ್ನೆಯಲ್ಲ. ಅಲ್ಲಿನ ಕಥೆಯೂ ಶುರುವಾಗುವುದು ಪಂಕ್ತಿಯಿಂದಲೇ.

1857ರಲ್ಲಿ ಕೇಪ್ ಪ್ರಾಂತ್ಯದ ಡಚ್ ರಿಫಾರ್ಮ್ಡ್ ಚರ್ಚಿನ ಮಹಾಸಭೆ ಒಂದು ತೀರ್ಮಾನ ಮಾಡಿತು. ಎಲ್ಲರೂ ಒಟ್ಟಿಗೆ ಆರಾಧಿಸುವುದೇ ಬೈಬಲ್ಲಿಗೆ ಒಪ್ಪಿತ. ಆದರೆ 'ಕೆಲವರ ದೌರ್ಬಲ್ಯ'ದಿಂದ ತೊಡಕಾಗುವ ಕಡೆ ಕಪ್ಪುಜನ ಬೇರೆ ಕಟ್ಟಡದಲ್ಲಿ ಸೇರಲಿ ಅಂತ. ದೌರ್ಬಲ್ಯ ಯಾರದು? ಜೊತೆಗೆ ಕೂರಲು ಹೇಸುವ ಬಿಳಿಯರದು. ಎದ್ದು ಹೋಗಬೇಕಾದವರು ಮಾತ್ರ ಕಪ್ಪುಜನ. ಈ ತರ್ಕ ನಮಗೆ ಹೊಸದೇನಲ್ಲ. 1881ರಲ್ಲಿ ಅವರಿಗೆ ಪ್ರತ್ಯೇಕ ಚರ್ಚೇ ಆಯಿತು. 1948ರ ನಂತರ ಇದೇ ಭೇದ ಪ್ರಭುತ್ವದ ನೀತಿಯಾಯಿತು.

1982ರಲ್ಲಿ ರಿಫಾರ್ಮ್ಡ್ ಚರ್ಚುಗಳ ವಿಶ್ವ ಒಕ್ಕೂಟ ಕೆನಡಾದ ಒಟ್ಟಾವದಲ್ಲಿ ಸೇರಿತು. ಅಲನ್ ಬೂಸಾಕ್ ಮತ್ತವರ ಸಂಗಡಿಗರು ಪ್ರಭುಭೋಜನದ ರೊಟ್ಟಿ ಮುಟ್ಟಲಿಲ್ಲ. ತಾಯ್ನಾಡಿನಲ್ಲಿ ತಮ್ಮನ್ನು ಸೇರಿಸದವರ ಜೊತೆ ಪರದೇಶದಲ್ಲಿ ಸಹಪಂಕ್ತಿ ಹೇಗೆ ಸಾಧ್ಯ? ಒಕ್ಕೂಟ ವರ್ಣಭೇದವನ್ನು ಪಾಪವೆಂದಿತು, ಅದಕ್ಕೆ ಧರ್ಮದ ಸಮರ್ಥನೆ ಕೊಡುವುದನ್ನು ಧರ್ಮದ್ರೋಹವೆಂದಿತು. ಎರಡು ಬಿಳಿಯ ಚರ್ಚುಗಳ ಸದಸ್ಯತ್ವ ಅಮಾನತಾಯಿತು. ಬೂಸಾಕ್ ಒಕ್ಕೂಟದ ಅಧ್ಯಕ್ಷರಾದರು. 1984ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಬಿಷಪ್ ಡೆಸ್ಮಂಡ್ ಟುಟು ಆರ್ಥಿಕ ದಿಗ್ಬಂಧನಕ್ಕಾಗಿ ಪಶ್ಚಿಮ ದೇಶಗಳಲ್ಲಿ ದನಿ ಎತ್ತಿದರು. 1986ರಲ್ಲಿ ಅಮೆರಿಕದ ಕಾಂಗ್ರೆಸ್ಸು ಅಧ್ಯಕ್ಷ ರೇಗನ್ನರ ವೀಟೋ ಮೀರಿ ದಿಗ್ಬಂಧನದ ಕಾನೂನು ತಂದಿತು. ಇದೆಲ್ಲ ಪಾದ್ರಿಗಳಿಂದಲೇ ಆಯಿತು ಅನ್ನುವುದು ತಪ್ಪು. ಬೀದಿಗಿಳಿದ ಕಪ್ಪುಜನ, ಕಾರ್ಮಿಕ ಸಂಘಗಳು ಇಲ್ಲದಿದ್ದರೆ ಈ ದನಿಗೆ ಬಲವೇ ಇರುತ್ತಿರಲಿಲ್ಲ.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು 1985ರ ಕೈರೋಸ್ ದಸ್ತಾವೇಜು. ಅಲ್ಲಿನ ಧರ್ಮಚಿಂತಕರು ಪ್ರಭುತ್ವವನ್ನು ಬೈದು ಸುಮ್ಮನಾಗಲಿಲ್ಲ. ತಮ್ಮದೇ ಚರ್ಚುಗಳ ಸಭ್ಯ ಭಾಷೆಯನ್ನೂ ವಿಮರ್ಶೆಗೆ ಒಡ್ಡಿದರು. ನ್ಯಾಯವಿಲ್ಲದ ರಾಜಿ ರಾಜಿಯೇ ಅಲ್ಲ ಅಂದರು. ನಮ್ಮಲ್ಲಿ 'ಸಾಮರಸ್ಯ' ಅನ್ನುವ ಪದವನ್ನು ಹೀಗೆ ಬಿಚ್ಚಿ ನೋಡುವ ಕೆಲಸ ದಲಿತ ವಿಮರ್ಶೆಯದ್ದು.

ಹಾಗಂತ ಆ ಮಾದರಿಯನ್ನು ಇಲ್ಲಿಗೆ ಎತ್ತಿ ತರಲಾಗದು. ಬೂಸಾಕ್‌ಗೆ 'ಗ್ರಂಥ ನಮ್ಮ ಕಡೆಗಿದೆ' ಅನ್ನಲು ಸಾಧ್ಯವಿತ್ತು. ಅಂಬೇಡ್ಕರರಿಗೆ ಶಾಸ್ತ್ರವೇ ಜಾತಿಯ ಬೇರಾಗಿ ಕಂಡಿತು. 1936ರಲ್ಲಿ ಅದನ್ನು ಬರೆದರು, 1956ರಲ್ಲಿ ಬೌದ್ಧರಾದರು. ಶರಣರಿದ್ದರಲ್ಲ ಅನ್ನಬಹುದು. ಇದ್ದರು. ಅವರ ಹೆಸರು ಹೇಳುವ ಮಠಗಳೇ ಇಂದು ಜಾತಿಗೊಂದಾಗಿವೆ. 2001ರಲ್ಲಿ ದಲಿತ ಸಂಘಟನೆಗಳು ಜಾತಿಯ ಪ್ರಶ್ನೆಯನ್ನು ಡರ್ಬನ್ನಿನ ವಿಶ್ವಸಂಸ್ಥೆಯ ಸಮ್ಮೇಳನಕ್ಕೆ ಒಯ್ದವು. ವರ್ಣಭೇದ ಸತ್ತ ಅದೇ ನೆಲದಲ್ಲಿ ಭಾರತ ಸರ್ಕಾರ 'ಜಾತಿ ಜನಾಂಗವಲ್ಲ' ಅಂತ ಅಡ್ಡ ನಿಂತಿತು.

ಆ ಹುಡುಗನಿಗೆ ಎದ್ದು ಬಾ ಅನ್ನಲು ನನಗೆ ಬಾಯಿ ಬರಲಿಲ್ಲ. ಒಟ್ಟಾವದಲ್ಲಿ ರೊಟ್ಟಿ ಬಿಟ್ಟವರ ಬೆನ್ನಿಗೆ ಒಂದು ಒಕ್ಕೂಟ ನಿಂತಿತು. ಇವನು ಎದ್ದರೆ ನಾಳೆ ಇವನ ಮನೆಗೆ ಕೂಲಿ ಕೊಡುವವರು ಯಾರು? ಮೊದಲ ಪಂಕ್ತಿಯಿಂದ ಇವನ ಜೊತೆ ಏಳುವವರು ಯಾರು?